ನನ್ನದಲ್ಲದ ಮೂಗು

ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಕಂಡ ಬಿಳಿ ಸೀರೆಯ ಕಥೆ ತೆಗೆದರೆ, ಹಿಂದಿನ ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳಿ ಎಲ್ಲರನ್ನೂ ನಗಿಸುವವಳು ನಾನೇ ಆಗಿದ್ದೆ. ನಮ್ಮ ಮಾವ ಪೂಜೆಗೆ ಹೋಗುವ ಅಯ್ಯನವರು. ದೃಷ್ಟಿ ತೆಗೆಸಲು, ಮಗುವಿಗೆ ದಾರ ಕಟ್ಟಿಸಲು ಬಂದವರಿಗೆ ಪಡಸಾಲೆಯಲ್ಲಿ ಚಹಾ ಕೊಡುವಾಗಲೂ ನನ್ನ ತುಟಿಯ ಮೇಲೆ ಸಣ್ಣ ನಗೆಯೊಂದು ಇರುತ್ತಿತ್ತು. ಅತ್ತೆ ಅದನ್ನು ಗಮನಿಸಿದ್ದರು. ಚಷ್ಮಾ ಹಾಕಿಕೊಂಡವರಿಗೆ ಕಣ್ಣು ನಾಲ್ಕಾದರೂ ಕಾಣುವುದು ಎರಡರಷ್ಟೇ ಎಂದು ಅವರು ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದರು. ನಾನು ಅದಕ್ಕೂ ನಗುತ್ತಿದ್ದೆ.

ಈಗ ಬರೆಯುತ್ತಿರುವುದನ್ನು ದಯವಿಟ್ಟು ದೆವ್ವದ ಕಥೆ ಎಂದು ಓದಬೇಡಿ. ಹೆದರುವಂಥದ್ದು ಇದರಲ್ಲಿ ಏನೂ ಇಲ್ಲ. ಹೊತ್ತು ಮುಳುಗುವ ಮುಂಚೆ, ನಮ್ಮದೇ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ತೊಗರಿಬೇಳೆಯ ಪಕ್ಕದಲ್ಲಿ ನಡೆದದ್ದು. ಏನು ನಡೆಯಿತು ಎನ್ನುವುದನ್ನು ನಾನು ಹೇಳಬಲ್ಲೆ. ಹೇಗೆ ನಡೆಯಿತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ನನ್ನ ತವರು ಉದಗೀರ. ಮದುವೆಯಾಗಿ ಬಂದದ್ದು ಉಮರ್ಗಾಕ್ಕೆ, ಹೆದ್ದಾರಿಯಿಂದ ಒಳಗೆ ಎರಡು ಓಣಿ ದಾಟಿದರೆ ಸಿಗುವ ಅಯ್ಯನವರ ಮನೆಗೆ. ಇಲ್ಲಿನ ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ನನಗೆ ಅದು ಮೊದಲ ಮದುವೆ, ನನ್ನ ಗಂಡನಿಗೆ ಎರಡನೆಯದು. ಅವರ ಮೊದಲ ಹೆಂಡತಿ ಮಹಾದೇವಿ ನಿಲಂಗಾದವರು. ಕಾಮಾಲೆಯಾಗಿ, ಅದರ ಗಂಭೀರತೆ ಯಾರಿಗಾದರೂ ತಿಳಿಯುವಷ್ಟರಲ್ಲೇ ತೀರಿಕೊಂಡಿದ್ದರು. ಅವರ ಮಗಳು ಪಾರ್ವತಿಗೆ ಆಗ ಇನ್ನೂ ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ. ನಾನು ಆ ಮನೆಗೆ ಬಂದಾಗ ಪಾರು ಮೂರನೆಯ ಇಯತ್ತೆಯಲ್ಲಿದ್ದಳು.

ಆ ಹುಡುಗಿ ನನಗೆ ಒಂದು ದಿನವೂ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಕರೆದರೆ ಬರುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು, ತಲೆ ಬಾಚುವಾಗ ಸುಮ್ಮನೆ ಕೂರುತ್ತಿದ್ದಳು. ಮತ್ತು ಪ್ರತಿ ಮಾತಿಗೂ ನನಗೆ ‘ರೀ’ ಹಚ್ಚುತ್ತಿದ್ದಳು. ಹ್ಞೂಂರಿ, ಬ್ಯಾಡರಿ, ಸಾಕ್ರಿ. ನಮ್ಮ ಕಡೆಯವರಲ್ಲದವರಿಗೆ ಇದರಲ್ಲಿ ಏನು ಕೊರಗು ಎನಿಸಬಹುದು. ನಮ್ಮಲ್ಲಿ ಮಕ್ಕಳು ಗುರುಗಳಿಗೆ ರೀ ಹಚ್ಚುತ್ತಾರೆ, ಬಸ್ಸಿನ ಕಂಡಕ್ಟರನಿಗೆ ಹಚ್ಚುತ್ತಾರೆ, ಮನೆಗೆ ಬಂದ ಬೀಗರಿಗೆ ಹಚ್ಚುತ್ತಾರೆ. ಅವ್ವನಿಗೆ ಯಾರೂ ಹಚ್ಚುವುದಿಲ್ಲ. ಅವ್ವ ಅಂದರೆ ನೀ, ಬಾ, ಕೊಡು. ದೇವರಿಗೂ ಹಾಗೆಯೇ. ಪಾರು ನನ್ನನ್ನು ಅವ್ವ ಎನ್ನಲಿಲ್ಲ, ಚಿಗವ್ವ ಎನ್ನಲಿಲ್ಲ, ಯಾವ ಹೆಸರಿನಿಂದಲೂ ಕರೆಯಲಿಲ್ಲ. ಏನಾದರೂ ಬೇಕಿದ್ದರೆ ಹತ್ತಿರ ಬಂದು ನಿಂತು, ನಾನು ನೋಡುವವರೆಗೆ ಕಾಯುತ್ತಿದ್ದಳು. ಮಾತು ಶುರುವಾಗುತ್ತಿದ್ದುದೇ ಮಧ್ಯದಿಂದ.

ಬಂದ ಹೊಸದರಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಉದಗೀರದ ನಮ್ಮ ಮನೆಯಲ್ಲಿ ಮರಾಠಿಯವರ ಹಾಗೆ ತಾಯಿಯನ್ನು ‘ಆಯಿ’ ಎಂದೇ ಕರೆಯುವ ರೂಢಿ. ನನ್ನ ತಾಯಿ ಲಾತೂರಿನ ಕಡೆಯವಳು. ಈ ಮನೆಯಲ್ಲಿ ಆಯಿ ಎಂದರೆ ಕನ್ನಡದವರ ಆಯಿ, ಅಂದರೆ ಅಜ್ಜಿ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಿಂದ ಪಾರುವಿನ ದನಿ, “ಆಯೀ” ಎಂದು ಕೇಳಿತು. ಹಿಟ್ಟಿನ ಕೈಯಲ್ಲೇ ಎದ್ದು ಓಡಿದೆ. ಹುಡುಗಿ ಉಂಗುಟ ಕಿತ್ತ ಚಪ್ಪಲಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ, ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಹೇಳಿದಳು:

“ನಿಮಗಲ್ರೀ.”

ಅಷ್ಟೇ. ಹಿಂದಿನಿಂದ ಅತ್ತೆ ಬಂದರು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಅಂದಿನ ರೊಟ್ಟಿ ಯಾವುದೂ ಉಬ್ಬಲಿಲ್ಲ.

ಕ್ಯಾಮೆರಾ ನನ್ನ ಕೈಗೆ ಬಂದದ್ದು ಅದಾದ ಮೇಲಿನ ವರ್ಷ. ಉದಗೀರದ ನಮ್ಮ ಓಣಿಯಲ್ಲಿ ಒಬ್ಬರು ಫೋಟೋ ಸ್ಟುಡಿಯೋ ಇಟ್ಟಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಎಲ್ಲರ ಕೈಯಲ್ಲೂ ಮೊಬೈಲು ಬಂದ ಮೇಲೆ ಅವರ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್ ಇಷ್ಟೇ ಉಳಿದಿತ್ತು. ಬೇಸಿಗೆ ರಜೆಗೆ ತವರಿಗೆ ಹೋದಾಗ, ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಓಣಿಯ ಹುಡುಗಿ ಎಂದು ನನಗೆ ಕೊಟ್ಟರು. ಅದರಲ್ಲಿ ಒಂದರ ಮೇಲೊಂದು ಎರಡು ಫೋಟೋ ಕೂಡಿಸುವ ಅನುಕೂಲವಿತ್ತು. ನಾನು ಆಸೆಪಟ್ಟದ್ದೇ ಅದಕ್ಕೆ.

ಆ ದಿನಗಳಲ್ಲಿ ಮೊಬೈಲಿನಲ್ಲಿ ಒಬ್ಬ ಕಲಾವಿದೆಯ ಚಿತ್ರಗಳನ್ನು ನೋಡಿ ಮರುಳಾಗಿದ್ದೆ. ಎಲ್ಲವೂ ಪಕ್ಕದಿಂದ ಕಾಣುವ ಮುಖಗಳು, ಬರೀ ಕಪ್ಪು ನೆರಳು. ಆದರೆ ಆ ನೆರಳಿನೊಳಗೆ ಇನ್ನೊಂದು ಲೋಕ. ಒಬ್ಬ ಮುದುಕನ ತಲೆಯೊಳಗೆ ಕೊಯ್ಲಾದ ಹೊಲ, ಒಬ್ಬ ಹುಡುಗಿಯ ಕೂದಲೊಳಗೆ ಹಾರುವ ಹಕ್ಕಿಗಳು, ಒಬ್ಬಳ ಕೊರಳೊಳಗೆ ಇಳಿದುಹೋಗುವ ಹೊಳೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದ ಅನುಕರಣೆಗಾಗಿ ಅವರು ನಾಚಿಕೊಳ್ಳುವುದು ಬೇಡ. ಅನುಕರಣೆ ಎಂದರೆ ಕೆಲವರಿಗೆ ಕೀಳೆನಿಸುತ್ತದೆ. ನನಗೆ ಹಾಗಿಲ್ಲ. ನಮ್ಮ ಶಾಲೆಗೆ ಬರುವ ಮಗು ಪಾಟಿಯ ಮೇಲೆ ನಾನು ಬರೆದುಕೊಟ್ಟ ಅಕ್ಷರವನ್ನು ತಿದ್ದಿ ತಿದ್ದಿಯೇ ತನ್ನ ಅಕ್ಷರ ಕಲಿಯುತ್ತದೆ. ನಾನು ಆ ಕಲಾವಿದೆಯ ಚಿತ್ರಗಳನ್ನು ಹಾಗೆ ತಿದ್ದಿದೆ.

ಮಾಡುವ ರೀತಿ ಹೀಗೆ. ಮನುಷ್ಯನನ್ನು ಬೆಳಕಿಗೆ ಅಡ್ಡವಾಗಿ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಬೇಕು. ಹಿಂದೆ ಬೆಳ್ಳಗಿನ ಬೆಳಕು, ಮುಂದೆ ಮುಖ ಪೂರ್ತಿ ಕಪ್ಪು. ಅದು ಮೊದಲ ಫೋಟೋ. ಅದರ ಮೇಲೆಯೇ ಎರಡನೆಯದು ತೆಗೆದರೆ, ಬೆಳ್ಳಗಿದ್ದಲ್ಲಿ ಅದು ಕಾಣುವುದಿಲ್ಲ, ಕಪ್ಪಿದ್ದಲ್ಲಿ ಮಾತ್ರ ಮೂಡುತ್ತದೆ. ಮನುಷ್ಯನ ಆಕಾರದ ಪಾತ್ರೆಯಲ್ಲಿ ಹೊಲ ಸುರಿದಂತೆ. ಹೇಳುವುದು ಸುಲಭ. ನನ್ನ ಗಂಡನನ್ನು ನಿಲ್ಲಿಸಿ ತೊಗರಿ ಹೊಲ ಕೂಡಿಸಿದರೆ ಗಿಡಗಳೆಲ್ಲ ಅವರ ಕಿವಿಯಿಂದ ಹೊರಟಂತೆ ಬಂದವು. ಅವರು ಅದನ್ನು ತಮ್ಮ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ತೋರಿಸಿ, ತನ್ನ ತಲೆಯಲ್ಲಿ ತೊಗರಿ ಬೆಳೆಯುವುದು ಮಾಸ್ತರಣಿಗೆ ಮದುವೆಯ ಮುಂಚೆ ಗೊತ್ತಿರಲಿಲ್ಲ ಎಂದು ನಗಿಸುತ್ತಿದ್ದರು.

ಕಲಿಯುತ್ತ ಹೋದಂತೆ ಒಂದು ವಿಷಯ ಹೊಳೆಯಿತು. ನಾವು ಯಾರೂ ಯಾರನ್ನೂ ಪಕ್ಕದಿಂದ ನೋಡಿ ನೆನಪಿಟ್ಟುಕೊಳ್ಳುವುದಿಲ್ಲ. ಮದುವೆಯ ಫೋಟೋ, ಶಾಲೆಯ ಫೋಟೋ, ಆಧಾರ್ ಕಾರ್ಡಿನ ಫೋಟೋ ಎಲ್ಲವೂ ನೆಟ್ಟಗೆ ಎದುರಿನಿಂದ. ನನ್ನ ಮೂಗು ಎಂಥದ್ದೆಂದು ನನಗೇ ಗೊತ್ತಾದದ್ದು ಕ್ಯಾಮೆರಾ ಬಂದ ಮೇಲೆ. ಕಣಕದ ಉಂಡೆಗೆ ಯಾರೋ ಹೆಬ್ಬೆರಳು ಒತ್ತಿದಂಥ ಮೂಗು. ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ನನ್ನದೇ ನೆರಳು ಎಷ್ಟು ಸಲ ತೆಗೆದರೂ ಅದೇ ಮೊಂಡು ಮೂಗು, ಅದರ ಕೆಳಗೆ ಒಳಸರಿದ ಗದ್ದ. ಈ ಮೂಗಿನ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ. ಸ್ವಂತ ಮೂಗನ್ನು ಇಷ್ಟು ಬಯ್ದುಕೊಳ್ಳುವ ಹವ್ಯಾಸ ನನಗಿಲ್ಲ.

ಒಂದು ದಿನ ಅತ್ತೆಯನ್ನು ಕೂರಿಸಿದೆ. ಮಾವನವರ ಒಗೆದ ಬಿಳಿ ಧೋತರವನ್ನು ಪಡಸಾಲೆಯ ಕಿಟಕಿಗೆ ಕಟ್ಟಿದೆ, ಹಿಂದಿನಿಂದ ಬಿಸಿಲು ಬಂದು ಅದು ಬೆಳ್ಳಗೆ ಹೊಳೆಯುತ್ತಿತ್ತು. ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಹಣೆಯ ತುಂಬ ವಿಭೂತಿ. ಚಕ್ಕಳಮಕ್ಕಳ ಹಾಕಿ, ಬೆನ್ನಿಗೆ ಗೋಡೆ ಕೊಟ್ಟು ಕುಳಿತರು. ಕಾದು ಬೇಸತ್ತು ಕಣ್ಣು ಮುಚ್ಚಿದರು. ನಾನು ಕ್ಯಾಮೆರಾ ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಬಂದ ಓಣಿಯ ನಿಂಗವ್ವ ಬಾಗಿಲಲ್ಲೇ ನಿಂತಳು. ಅವಳ ಕೈಯ ಬಟ್ಟಲು ಕೆಳಗೆ ಬಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ವಿಭೂತಿ ಬಳಿದು, ಹಿಂದೆ ಬಿಳಿ ಬಟ್ಟೆ ಕಟ್ಟಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಾಗೆ ಕೂರಿಸಿಯೇ ಫೋಟೋ ತೆಗೆಸುವುದೂ ಉಂಟು. ನಿಂಗವ್ವ ಅಳುವುದಕ್ಕೆ ಶುರುಮಾಡಿದಳು ನೋಡಿ, ಎಂಥಾ ತಾಯಿ ಇದ್ದಳು, ಬೇಡಿದವರಿಗೆ ಇಲ್ಲ ಅನ್ನಲಿಲ್ಲ ಎಂದು ಹಾಡಿ ಹಾಡಿ ಅತ್ತಳು. ಅತ್ತೆ ಒಂದು ಕಣ್ಣು ತೆರೆದು ಕೇಳಿದರು:

“ಯಾರ ಹೋಗ್ಯಾರ ನಿಂಗವ್ವ?”

ಓಣಿಯೆಲ್ಲ ಕೂಡಿ ನಕ್ಕಿತು. ಅತ್ತೆಯಂತೂ, ತಾನು ಹೋದಾಗ ಯಾರು ಹೇಗೆ ಅಳುತ್ತಾರೆಂದು ಮುಂಚೆಯೇ ಕೇಳಿಸಿಕೊಂಡ ಪುಣ್ಯವಂತೆ ತಾನೊಬ್ಬಳೇ ಎಂದು ಬಂದವರಿಗೆಲ್ಲ ಹೇಳಿದರು. ನಗು ಇಳಿದ ಮೇಲೆ ಸುತ್ತ ನೋಡಿದೆ. ಪಾರು ಇರಲಿಲ್ಲ. ಸ್ವಲ್ಪ ಮುಂಚೆ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು.

ಮಾಳಿಗೆಯ ಮೇಲೆ, ನೀರಿನ ಟಾಕಿಯ ಮರೆಯಲ್ಲಿ ಸಿಕ್ಕಳು. ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಅವಳೇ, ನನ್ನ ಕಡೆ ನೋಡದೆ ಹೇಳಿದಳು:

“ನಮ್ಮವ್ವಂದು ನಂಗ ಅದೊಂದ ನೆಪ್ಪದರಿ. ಬಿಳಿ ಅರಬಿ ಮುಂದ ಕುಂತಿದ್ದು. ನಿಂತಿದ್ದು ಒಂದೂ ನೆಪ್ಪಿಲ್ಲ.”

ಕೆಳಗಿಳಿದು ಧೋತರ ಬಿಚ್ಚಿ ಮಡಚಿಟ್ಟೆ. ಮತ್ತೆಂದೂ ಬಟ್ಟೆ ಕಟ್ಟಿ ಫೋಟೋ ತೆಗೆಯಲಿಲ್ಲ. ಬೆಳಕು ಬೇಕಾದರೆ ಮಾಳಿಗೆ ಹತ್ತಿ ಆಕಾಶವನ್ನೇ ಹಿಂದಿಟ್ಟುಕೊಂಡೆ.

ಅಲ್ಲಿಂದ ಪಾರು ನನ್ನ ಫೋಟೋಗಳನ್ನು ನೋಡಲು ಬರತೊಡಗಿದಳು. ಕ್ಯಾಮೆರಾ ಹಿಡಿಯುವುದು, ಬೆಳಕಿಗೆ ಹೊಂದಿಸುವುದು ನನಗಿಂತ ಬೇಗ ಕಲಿತಳು. ಆ ಕಲಾವಿದೆಯ ಚಿತ್ರಗಳಲ್ಲಿ ಒಂದನ್ನು ಅವಳು ತುಂಬ ಹೊತ್ತು ನೋಡುತ್ತಿದ್ದಳು. ಒಬ್ಬ ಹೆಂಗಸಿನ ನೆರಳು, ಅದರೊಳಗೆ ದೂರದಲ್ಲಿ ನಿಂತ ಪುಟ್ಟ ಮಗು. ಒಂದು ದಿನ ಕಪಾಟಿನಿಂದ ತನ್ನ ಅಪ್ಪ–ಅವ್ವನ ಮದುವೆಯ ಆಲ್ಬಮ್ ತಂದು ನನ್ನ ಮುಂದೆ ಇಟ್ಟಳು. ಅವ್ವನ ನೆರಳು ಮಾಡಿ ಅದರೊಳಗೆ ತನ್ನನ್ನು ನಿಲ್ಲಿಸಲು ಬರುತ್ತದೇನು ಎಂದು ಕೇಳಿದಳು. ನಾನು ಆ ಮನೆಗೆ ಬಂದ ಮೇಲೆ ಅವಳು ನನ್ನಲ್ಲಿ ಕೇಳಿದ ಮೊದಲನೆಯ ವಸ್ತು ಅದು. ಒಂದು ಫ್ರಾಕು, ಒಂದು ಪೆನ್ಸಿಲ್ ಕೂಡ ಬಾಯಿಬಿಟ್ಟು ಕೇಳಿದವಳಲ್ಲ.

ನಾವಿಬ್ಬರೂ ಕೂಡಿ ಆಲ್ಬಮ್ಮಿನ ಹಾಳೆ ಹಾಳೆ ತಿರುವಿದೆವು. ಎಲ್ಲ ಫೋಟೋಗಳಲ್ಲೂ ಮಹಾದೇವಿ ಎದುರಿಗೆ ನೋಡುತ್ತಿದ್ದರು, ಇಲ್ಲವೇ ತಲೆ ತಗ್ಗಿಸಿದ್ದರು. ಪಕ್ಕದಿಂದ ತೆಗೆದ ಒಂದೆರಡರಲ್ಲಿ ಹಣೆಗೆ ಕಟ್ಟಿದ ಬಾಸಿಂಗ ಮುಖವನ್ನೆಲ್ಲ ಮರೆಮಾಡಿತ್ತು. ದೇವರ ಕೋಣೆಯ ಹಾರ ಹಾಕಿದ ಫೋಟೋ ಕೂಡ ಎದುರಿನದೇ. ಮೊಬೈಲುಗಳಲ್ಲಿ ಇದ್ದವೂ ಹಾಗೇ. ಸುಂದರವಾದ, ಸ್ವಲ್ಪ ನಾಚಿದ ಮುಖ. ಆದರೆ ಆ ಮುಖ ಪಕ್ಕದಿಂದ ಹೇಗಿತ್ತೆಂದು ಅದರಿಂದ ತಿಳಿಯುವಂತಿರಲಿಲ್ಲ. ಬರುವುದಿಲ್ಲ ಪಾರು ಎಂದೆ. ಹ್ಞೂಂರಿ ಎಂದು ಆಲ್ಬಮ್ ಎತ್ತಿಕೊಂಡು ಹೋದಳು. ಬೇರೆ ಯಾರಿಂದಲೂ ಆಗದ್ದನ್ನು ಅವಳು ನನ್ನಿಂದ ಕೇಳಿದ್ದಳು, ನನ್ನಿಂದ ಆಗಲಿಲ್ಲ.

ನಾಲ್ಕಾರು ದಿನ ಕಳೆದು, ಒಂದು ಸಂಜೆ ಅವಳೇ ಕ್ಯಾಮೆರಾ ತಂದು ನನ್ನ ಪಕ್ಕದಲ್ಲಿ ನಿಂತಳು. ನಾನು ನೋಡುವವರೆಗೆ ಕಾದು ಹೇಳಿದಳು:

“ನೀವ ನಿಂದರ್ರಿ. ನಾ ಒತ್ತತೀನಿ.”

ಅವ್ವನ ಬದಲಿಗೆ ನಾನು. ಅದು ಪ್ರೀತಿಯೋ, ಬೇರೆ ದಾರಿಯಿಲ್ಲದ ರಾಜಿಯೋ ಎಂದು ಯೋಚಿಸಿದರೆ ಮನಸ್ಸು ಮುರಿಯುತ್ತದೆಂದು ಯೋಚಿಸದೆ ಮಾಳಿಗೆ ಹತ್ತಿದೆ.

ಮಾಳಿಗೆಯ ಮೇಲೆ ನಾವಿಬ್ಬರೇ ಇದ್ದೆವು. ಇದನ್ನು ಒತ್ತಿ ಹೇಳುತ್ತೇನೆ. ಅಕ್ಕಪಕ್ಕದ ಮಾಳಿಗೆಗಳಲ್ಲೂ ಯಾರೂ ಇರಲಿಲ್ಲ. ನಾನು ಶಾಲೆಯಿಂದ ಬಂದ ಬಟ್ಟೆಯಲ್ಲೇ ಇದ್ದೆ. ಚೂಡಿದಾರ, ಬೆನ್ನ ಮೇಲೆ ಒಂಟಿ ಜಡೆ. ಪಡುವಣದ ಆಕಾಶ ಇನ್ನೂ ಬೆಳ್ಳಗಿತ್ತು. ನಾನು ಪಕ್ಕಕ್ಕೆ ತಿರುಗಿ ನಿಂತೆ. ಪಾರು ಕೆಳಗೆ ಕೂತು, ನನ್ನ ತಲೆ ಮತ್ತು ಭುಜ ತುಂಬುವಂತೆ ಹೊಂದಿಸಿ ಒತ್ತಿದಳು. ನನಗೆ ನಿಂತಲ್ಲೇ ಕುತ್ತಿಗೆಯ ಹಿಂದೆ ಸ್ವಲ್ಪ ತಂಪೆನಿಸಿತು. ಸಂಜೆಯ ಗಾಳಿ ಇರಬೇಕು. ಹೊತ್ತು ಇಳಿದು ಆಕಾಶ ಕೆಂಪಾಗುವವರೆಗೆ ಕಾದೆವು. ಆಮೇಲೆ ಪಾರುವನ್ನು ಟಾಕಿಯ ಹತ್ತಿರ ದೂರದಲ್ಲಿ ನಿಲ್ಲಿಸಿ, ಎರಡನೆಯದನ್ನು ನಾನು ತೆಗೆದೆ. ಆ ಹಳೆಯ ಕ್ಯಾಮೆರಾದಲ್ಲಿ ಎರಡೂ ಮುಗಿಯುವವರೆಗೆ ಏನೂ ಕಾಣುವುದಿಲ್ಲ. ಕ್ಷಣ ಬಿಟ್ಟು ಚಿತ್ರ ಮೂಡಿತು.

ಎಷ್ಟೋ ತಿಂಗಳಿಂದ ನಾನು ತಿದ್ದುತ್ತಿದ್ದ ಅಕ್ಷರ ಅವತ್ತು ಸರಿಯಾಗಿ ಬಿದ್ದಿತ್ತು. ಬೆಳ್ಳಗಿನ ಬಯಲಿನಲ್ಲಿ ಒಬ್ಬ ಹೆಂಗಸಿನ ತಲೆ, ಅದರ ತುಂಬ ಕೆಂಪು ಆಕಾಶ, ಆ ಆಕಾಶದ ಕೆಳಗೆ ಪುಟ್ಟದಾಗಿ ಪಾರು. ಎಲ್ಲ ಗೆರೆಗಳೂ ಚಾಕುವಿನಿಂದ ಕತ್ತರಿಸಿದಷ್ಟು ಸ್ಪಷ್ಟ. ನಾನು ಖುಷಿಯಿಂದ ಕೂಗಬೇಕೆಂದವಳು ಹಾಗೇ ನಿಂತೆ. ಮೂಗು ನನ್ನದಾಗಿರಲಿಲ್ಲ.

ನೀಳವಾದ, ನೆಟ್ಟನೆಯ ಮೂಗು. ಗದ್ದ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಎತ್ತಿದ್ದು. ಜಡೆಯಿಲ್ಲ, ಕುತ್ತಿಗೆಗೆ ತಾಗುವಂತೆ ಕಟ್ಟಿದ ತುರುಬು. ನಾನು ಕೈಯಿಂದ ನನ್ನ ಬೆನ್ನು ಮುಟ್ಟಿ ನೋಡಿಕೊಂಡೆ. ಜಡೆ ಅಲ್ಲೇ ಇತ್ತು.

ಅಷ್ಟರಲ್ಲಿ ಅತ್ತೆ ಬೇಳೆ ಬಾಚಿಕೊಂಡು ಹೋಗಲು ಮೊರ ಹಿಡಿದು ಮೇಲೆ ಬಂದರು. ನಾನು ನಿಂತ ರೀತಿ ನೋಡಿ ಏನಾಯಿತೆಂದು ಬಂದು ಬಗ್ಗಿದರು. ನಾನು ಒಂದು ಮಾತೂ ಆಡಿರಲಿಲ್ಲ. ಅವರು ಕ್ಯಾಮೆರಾದ ಸಣ್ಣ ಪರದೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮೊರವನ್ನು ಕೆಳಗಿಟ್ಟು, ಬೇಳೆಯ ಪಕ್ಕದಲ್ಲೇ ಕುಳಿತುಬಿಟ್ಟರು.

“ನಮ್ಮ ಮಹಾದೇವಿ,” ಎಂದರು. “ಗದ್ದ ಎತ್ತಿ ನಿಂತಾಳ ನೋಡು. ಬಸ್ ಬರೂ ದಾರಿ ನೋಡಿದಂಗ.”

ನನಗೆ ಆಗ ಹೆದರಿಕೆಯಾಯಿತು. ಆದರೆ ಅದು ಸತ್ತವರ ಹೆದರಿಕೆಯಲ್ಲ. ಇನ್ನು ಈ ಹುಡುಗಿ ನನಗೆ ಸಿಗುವುದಿಲ್ಲ ಎಂಬ ಹೆದರಿಕೆ. ಅವಳ ಅವ್ವ ನಿಂತಿದ್ದು ಅವಳಿಗೆ ಸಿಕ್ಕಿತು, ಅದೂ ನನ್ನನ್ನು ಅಳಿಸಿ, ನಾನು ನಿಂತಿದ್ದ ಜಾಗದಲ್ಲೇ. ಹೀಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೋದ ಜೀವ ಮಗಳನ್ನು ನೋಡಲು ಬಂದಿದ್ದರೆ ಬರಲಿ, ಅದಕ್ಕಿಂತ ನ್ಯಾಯ ಯಾವುದಿದೆ ಎಂದೂ ಅನಿಸಿತು. ಎರಡೂ ಒಟ್ಟಿಗೇ ಅನಿಸಿದವು.

ಪಾರು ಟಾಕಿಯ ಹತ್ತಿರದಿಂದ ಓಡಿ ಬಂದಳು. ಅತ್ತೆಯ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ನನ್ನ ಮತ್ತು ಅತ್ತೆಯ ನಡುವೆ ನಿಂತು ನೋಡಿದಳು. ಅತ್ತೆ ಹೇಳಿದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ ನನಗೆ ತಿಳಿಯದು. ಬಹಳ ಹೊತ್ತು ನೋಡಿದಳು. ಕಣ್ಣನ್ನು ಪರದೆಯಿಂದ ಎತ್ತದೆಯೇ ಹೇಳಿದಳು:

“ಅವ್ವಾ, ನಾ ನಿನ್ನ ತಲ್ಯಾಗ ಅದೀನಲ್ಲ.”

ನಿಮ್ಮ ಎನ್ನಲಿಲ್ಲ, ನಿನ್ನ ಎಂದಳು. ರೀ ಇರಲಿಲ್ಲ.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಯಾರಾದರೂ ಉತ್ತರ ಕೊಡಬೇಕಿತ್ತು. ಒಂದು ಮಗು ಅವ್ವಾ ಎಂದು ಕರೆದರೆ ಉತ್ತರವಿಲ್ಲದೆ ಬಿಡಬಾರದು. ನಾನು ಹೇಳಿದೆ:

“ಹ್ಞೂಂ. ಅದಿ.”

ಮುಂದಿನ ತಿಂಗಳುಗಳಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಅದೇ ಜಾಗ, ಅದೇ ಬೆಳಕು, ಅದೇ ಬಟ್ಟೆಯಲ್ಲಿ ಮತ್ತೆ ಮತ್ತೆ ನಿಂತೆ. ಪಾರು ಒತ್ತಿದಳು, ನನ್ನ ಗಂಡ ಒತ್ತಿದರು, ಕಟ್ಟೆಯ ಮೇಲಿಟ್ಟು ತಾನಾಗಿಯೇ ಒತ್ತಿಕೊಳ್ಳುವಂತೆ ಮಾಡಿದೆ. ತುರುಬು ಕಟ್ಟಿಕೊಂಡೂ ನಿಂತೆ, ಗದ್ದ ಎತ್ತಿಯೂ ನಿಂತೆ. ಪ್ರತಿ ಸಲ ನನ್ನ ಮೊಂಡು ಮೂಗೇ ಬಂತು. ನನ್ನ ಗಂಡ ಆ ಚಿತ್ರವನ್ನು ಒಂದೇ ಸಲ ನೋಡಿದರು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಗಾಡಿ ಒರೆಸಿದರು. ಅವರನ್ನು ನಾನು ಮತ್ತೆ ಕೇಳಲಿಲ್ಲ.

ಉದಗೀರಕ್ಕೆ ಹೋದಾಗ ಕಾಕಾಗೆ ತೋರಿಸಿದೆ. ಎರಡು ಫೋಟೋ ಕೂಡಿದಾಗ ಒಮ್ಮೊಮ್ಮೆ ಹೀಗಾಗುತ್ತದೆ, ಹುಡುಗಿಯ ಕೈ ಅಲುಗಿರಬೇಕು ಎಂದರು. ಕೈ ಅಲುಗಿದ್ದರೆ ಗೆರೆ ಕಲಸಿಹೋಗಬೇಕಿತ್ತಲ್ಲ ಎಂದೆ. ಅವರು ಚಷ್ಮಾ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ನನ್ನ ಮುಖವನ್ನು ಪಕ್ಕದಿಂದಲೂ ನೋಡಿದರು. ಚಿಕ್ಕಂದಿನಿಂದ ಕಂಡ ಮೂಗು, ಅವರಿಗೆ ಗುರುತಿಲ್ಲವೇ? “ಜಾವೂ ದೇ ಪೋರಿ, ಬಿಟ್ಟಬಿಡು. ಚಲೋ ಬಂದದ, ಇಟ್ಕೋ,” ಎಂದು ಕ್ಯಾಮೆರಾ ವಾಪಸು ಕೊಟ್ಟರು. ಕೇಳದೆಯೇ ಒಂದು ಪ್ರತಿ ದೊಡ್ಡದಾಗಿ ತೆಗೆದುಕೊಟ್ಟರು.

ಆ ಪ್ರತಿಯನ್ನು ಹಿಡಿದುಕೊಂಡು ಪಾರುವಿನ ಜೊತೆ ನಿಲಂಗಾಕ್ಕೆ ಹೋದೆ. ಮಹಾದೇವಿಯ ತಾಯಿ ಅಲ್ಲಿದ್ದಾರೆ, ಹೊಲಮನೆಯ ದೊಡ್ಡ ಸಂಸಾರದ ಹಿರಿಯರು. ನನ್ನನ್ನು ಕಂಡರೆ ಅವರಿಗೆ ಹೇಗನಿಸುತ್ತದೋ ಎಂದು ಯಾವಾಗಲೂ ಅಳುಕು ನನಗೆ. ನಾನು ಏನನ್ನೂ ಹೇಳಲಿಲ್ಲ. ಅತ್ತೆ ಆಡಿದ ಮಾತನ್ನೂ ಹೇಳಲಿಲ್ಲ. ಪಾರುವಿಗೂ ಹೇಳಬೇಡ ಎಂದು ಮೊದಲೇ ತಿಳಿಸಿದ್ದೆ. ಶಾಲೆಯ ಸಲುವಾಗಿ ಮಾಡಿದ ಚಿತ್ರ ನೋಡಿರಿ ಎಂದು ಸುಮ್ಮನೆ ಕೈಗಿಟ್ಟೆ. ಆ ತಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ಅಂಗೈಯನ್ನು ಆ ನೆರಳಿನ ಕೆನ್ನೆಯ ಮೇಲೆ ಮೆಲ್ಲಗೆ ಇಟ್ಟರು.

“ಮಹಾದೇವಿ ಬಸ್ಸಿಗಿ ನಿಂತಾಳ,” ಎಂದರು. “ಇಲ್ಲಿಗಿ ಕರಕೊಂಡ ಬರಾಕ ನಾ ಹೋದ್ರ ಹಿಂಗೇ ನಿಂದರ್ತಿದ್ಳು.”

ಅತ್ತೆ ಹೇಳಿದ್ದೂ ಬಸ್ಸು. ಆ ತಾಯಿ ಹೇಳಿದ್ದೂ ಬಸ್ಸು. ಇದನ್ನು ನಾನು ಎಲ್ಲಿ ಇಡಲಿ, ಹೇಳಿ. ಹೊರಡುವಾಗ ಅವರು ನನ್ನ ಉಡಿ ತುಂಬಿದರು. ಅಕ್ಕಿಯ ಜೊತೆ ಕೊಬ್ಬರಿ ಬಟ್ಟಲು ಹಾಕುವಾಗ, ಹೆಣ್ಣುಮಗಳು ತವರಿಗೆ ಬಂದು ಬರಿಗೈಲಿ ಹೋಗಬಾರದು ಎಂದರು. ಬಸ್ಸಿನಲ್ಲಿ ಪಾರು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು, ಉಮರ್ಗಾ ಬರುವವರೆಗೂ ನಾನು ಕಾಲು ಸರಿಸಲಿಲ್ಲ.

ಈಗ ಪಾರು ಕಾಲೇಜಿಗೆ ಹೋಗುತ್ತಾಳೆ. ಧಾರಾಳವಾಗಿ ನನಗೆ ಎದುರಾಡುತ್ತಾಳೆ, ನನ್ನ ಫೋಟೋಗಳಲ್ಲಿ ತಪ್ಪು ಹುಡುಕುತ್ತಾಳೆ, ಮೂಗಿನ ಬಗ್ಗೆ ಅವರಪ್ಪನಿಗಿಂತ ಹೆಚ್ಚು ಚೇಷ್ಟೆ ಮಾಡುತ್ತಾಳೆ. ಆ ಚಿತ್ರ ಅವಳ ಓದುವ ಮೇಜಿನ ಮೇಲಿದೆ. ಅದರಲ್ಲಿರುವುದು ಯಾರು ಎಂದು ಗೆಳತಿಯರು ಕೇಳಿದರೆ, ನಮ್ಮವ್ವ ಎನ್ನುತ್ತಾಳೆ. ನಾನು ಆಗ ಪಕ್ಕದ ಕೋಣೆಯಲ್ಲಿದ್ದರೆ ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ಅವಳು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಆ ನೆರಳು ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ತಿಳಿಯುತ್ತದೆಂಬ ನಂಬಿಕೆಯೂ ಉಳಿದಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆ ಸಂಜೆ ಮಾಳಿಗೆಯ ಮೇಲೆ, ಕಣ್ಣೆತ್ತದೆ, ಪಾರು ಅವ್ವಾ ಎಂದು ಕರೆದದ್ದು ಯಾರನ್ನು? ಪರದೆಯೊಳಗಿನವರನ್ನೋ, ಪಕ್ಕದಲ್ಲಿದ್ದ ನನ್ನನ್ನೋ? ಕೇಳಿದರೆ ಹೇಳುತ್ತಾಳೇನೋ. ಕೇಳುವ ಧೈರ್ಯ ನನಗೆ ಬಂದಿಲ್ಲ. ನನ್ನದಲ್ಲದ ಕರೆಗೆ ಹಿಟ್ಟಿನ ಕೈಯಲ್ಲಿ ಓಡಿದವಳು ನಾನು. ಅವತ್ತೂ ಹಾಗೆಯೇ, ನನಗೋ ಅಲ್ಲವೋ ತಿಳಿಯದೆ ಹ್ಞೂಂ ಎಂದುಬಿಟ್ಟೆ. ಎಂದ ಮೇಲೆ ಉಸಿರು ಹಿಡಿದು ಕಾದೆ.

‘ನಿಮಗಲ್ರೀ’ ಎಂದು ಅವಳು ಹೇಳಲಿಲ್ಲ.